ಹನ್ನೆರಡು ಪದಗಳ ಶುದ್ಧ ಪ್ರತಿ

೧೪ ಮೇ, ಮಂಗಳವಾರ
ವಿಷಯ: ಹೊಸ ದಿನಚರಿ ಆರಂಭಿಸಿದ ಬಗ್ಗೆ.
ಉಲ್ಲೇಖ: ಹಳೆಯ ದಿನಚರಿಗಳು, ಒಟ್ಟು ಮೂವತ್ತೆಂಟು, ನೀರುಪಾಲು.

ಹೊಳೆ ಊರೊಳಗೆ ನುಗ್ಗಿ ಇವತ್ತಿಗೆ ಹತ್ತೊಂಬತ್ತು ದಿನ. ನಾನೂ ಮಗಳೂ ಈ ಶಾಲೆಯ ಮಹಡಿಯಲ್ಲಿ, ಏಳನೇ ತರಗತಿ ‘ಬಿ’ ವಿಭಾಗದಲ್ಲಿ ಇದ್ದೇವೆ. ಒಂದೇ ಕೋಣೆಯಲ್ಲಿ ಆರು ಕುಟುಂಬ. ಹಗ್ಗ ಕಟ್ಟಿ ಇಳಿಬಿಟ್ಟ ಹೊದಿಕೆಗಳೇ ಗೋಡೆ. ಕರಿಹಲಗೆಯ ಮೇಲೆ ಯಾರೋ ಮೇಷ್ಟರು ಅರ್ಧ ಮಾಡಿ ಬಿಟ್ಟ ಲೆಕ್ಕ ಹಾಗೇ ಇತ್ತು. ಬಂದ ದಿನವೇ ಅದನ್ನು ಪೂರ್ತಿ ಬಿಡಿಸಿ ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಅರ್ಧಕ್ಕೆ ನಿಂತದ್ದನ್ನು ಕಂಡರೆ ನನಗೆ ಆಗುವುದಿಲ್ಲ.

ಈ ಪುಸ್ತಕ ನೆರವಿನ ಸಂಸ್ಥೆಯವರಿಂದ ಕೇಳಿ ಪಡೆದದ್ದು. “ಮೊಮ್ಮಕ್ಕಳಿಗಾ ಸರ್?” ಎಂದರು. “ದಾಖಲೆಗೆ” ಎಂದೆ.

ಕೋಣೆಗೆ ಇರುವುದು ಒಂದೇ ಪ್ಲಗ್ಗು. ಫೋನ್ ಚಾರ್ಜ್ ಮಾಡಲು ದಿನಾ ಕಚ್ಚಾಟ. ಇವತ್ತು ವೇಳಾಪಟ್ಟಿ ಮಾಡಿ ಹಲಗೆಯ ಮೇಲೆ ಬರೆದೆ. ಮೊದಲ ಸರದಿ ನನ್ನದು. ಪಟ್ಟಿ ಮಾಡಿದವನಿಗೆ ಅಷ್ಟೂ ಹಕ್ಕಿಲ್ಲವೆ? ಕಚ್ಚಾಟ ನಿಂತಿತು. ಛಾವಣಿಯ ನೀರಿನ ತೊಟ್ಟಿಯಲ್ಲಿ ದಿನಕ್ಕೆ ಎಷ್ಟು ನೀರು ಇಳಿಯುತ್ತದೆ ಎಂಬುದಕ್ಕೂ ಒಂದು ಪುಟ ತೆರೆದಿದ್ದೇನೆ. ಮಲಗಲು ಜಾಗ, ಎರಡು ಹೊತ್ತು ಊಟ, ಕೈಗೊಂದು ಪೆನ್ನು. ಇರುವುದನ್ನು ಇರುವಂತೆ ಹೇಳಬೇಕೆಂದರೆ, ನಾನು ಸುಖವಾಗಿದ್ದೇನೆ.

ಒಂದೇ ತಾಪತ್ರಯ, ಎಡಗಡೆ ಪರದೆಯಾಚೆಯ ಹೆಂಗಸು. ಮಾರುಕಟ್ಟೆಯಲ್ಲಿ ಪೊರಕೆ ಕಟ್ಟಿ ಮಾರುತ್ತಿದ್ದವಳಂತೆ. ಒಂಟಿ ಜೀವ, ವಯಸ್ಸು ನನ್ನ ಆಸುಪಾಸು. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ಕಣ್ಣು ಮುಚ್ಚುವತನಕ ನಿಲ್ಲುವುದಿಲ್ಲ. ಯಾರ ಮನೆಯ ಮಂಚ ಯಾರ ಮನೆಯ ಮುಂದೆ ಹೋಗಿ ನಿಂತಿತು, ಯಾರು ಯಾರಿಗೆ ಏನೆಂದರು, ಎಲ್ಲ ಅವಳ ಬಾಯಲ್ಲಿ. ರೇಡಿಯೋ ಎಂದು ಹೆಸರಿಟ್ಟಿದ್ದೇನೆ. ಅವಳು ನನ್ನನ್ನು “ಗುಮಾಸ್ತರೇ” ಎಂದು ಕರೆಯುತ್ತಾಳೆ. ನಾನು ಗುಮಾಸ್ತನಲ್ಲ, ನಲವತ್ತು ವರ್ಷ ನಗರಸಭೆಯ ರೆಕಾರ್ಡ್ ಕೀಪರ್ ಆಗಿದ್ದವನು. ಎರಡು ಸಲ ತಿದ್ದಿದೆ. “ಆಯ್ತು ಗುಮಾಸ್ತರೇ” ಎಂದಳು.

೧೬ ಮೇ, ಗುರುವಾರ
ವಿಷಯ: ಕಣ್ಣಿಗೆ ಕಾಣದ ಹಣ ಬಂದ ಬಗ್ಗೆ.

ನೆರವಿನ ಸಂಸ್ಥೆಯ ಮೇಡಂ ಬಂದಿದ್ದರು. ನೀಲಿ ಅಂಗಿ, ಮೊಣಕಾಲವರೆಗೆ ಕೆಸರು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬ್ಯಾಂಕಿನೊಳಗೆ ಇನ್ನೂ ಎದೆಮಟ್ಟ ಹೂಳಿದೆ, ಅದು ತೆರೆಯುವತನಕ ಕಾಯುತ್ತ ಕೂತರೆ ಆಗದು. ಅದಕ್ಕೆ ನೆರವನ್ನು ಕ್ರಿಪ್ಟೋ ನಾಣ್ಯವಾಗಿ ನೇರ ನಮ್ಮ ನಮ್ಮ ಫೋನಿಗೇ ಕಳಿಸುತ್ತಾರಂತೆ. ನೋಟಿಲ್ಲ, ಚೆಕ್ಕಿಲ್ಲ, ಸಾಲಿನಲ್ಲಿ ನಿಲ್ಲುವುದಿಲ್ಲ. ಎರಡು ಕಂತು: ಮೊದಲನೆಯದು ಸಾಮಾನು ಸರಂಜಾಮಿಗೆ, ಎರಡನೆಯದು ಕಸುಬು ಮತ್ತೆ ಹಿಡಿಯುವುದಕ್ಕೆ. ಯಾವ ಯಾವ ಅಂಗಡಿಯವರು ಇದನ್ನು ತೆಗೆದುಕೊಳ್ಳುತ್ತಾರೆ ಎಂಬ ಪಟ್ಟಿಯನ್ನೂ ಕೊಟ್ಟರು. ಪಟ್ಟಿ ನೀಟಾಗಿತ್ತು. ಮೇಡಂ ಬಗ್ಗೆ ಗೌರವ ಹುಟ್ಟಿತು.

ಆಮೇಲೆ ನನ್ನ ಫೋನಿನಲ್ಲಿ ವ್ಯಾಲೆಟ್ ಎಂಬ ಹಣದ ಪೆಟ್ಟಿಗೆಯೊಂದನ್ನು ತೆರೆದರು. ತೆರೆದ ಕೂಡಲೇ ಪರದೆಯ ಮೇಲೆ ಹನ್ನೆರಡು ಪದ ಬಂದವು. ನಮ್ಮದೇ ಭಾಷೆ, ಆದರೆ ತಲೆಬುಡವಿಲ್ಲ. ಮೆಟ್ಟಿಲಿಗೂ ಆಮೆಗೂ ಏನು ಸಂಬಂಧ? (ಪದಗಳನ್ನು ಈ ಪುಸ್ತಕದಲ್ಲಿ ಬರೆಯಬಾರದು. ಎರಡರಿಂದ ಏನೂ ಆಗದು.)

“ಈ ಹನ್ನೆರಡು ಪದ ಯಾರಿಗೂ ಹೇಳ್ಬೇಡಿ ಸರ್. ನನಗೂ ಹೇಳ್ಬೇಡಿ. ಫೋನ್ ಹೋದ್ರೂ ಪರವಾಗಿಲ್ಲ, ಬೇರೆ ಫೋನಲ್ಲಿ ಇವನ್ನ ಹಾಕಿದ್ರೆ ಹಣ ಸಿಗುತ್ತೆ. ಇದ್ದ ಹಾಗೇ ಒಂದು ಚೀಟೀಲಿ ಬರ್ಕೊಂಡು ಜೋಪಾನ ಮಾಡಿ.”

“ನಿಮ್ಮ ಕಚೇರೀಲಿ ಒಂದು ಪ್ರತಿ ಇರುತ್ತಲ್ಲ?”

“ಇಲ್ಲ ಸರ್.”

“ಮೇಲಧಿಕಾರಿಗಳ ಹತ್ರ?”

“ಇದಕ್ಕೆ ಮೇಲಧಿಕಾರಿನೇ ಇಲ್ಲ ಸರ್. ಅದೇ ಇದರ ವಿಶೇಷ.”

ನಕಲು ಪ್ರತಿ ಇಲ್ಲದ ಕಚೇರಿಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಚೀಟಿಯಲ್ಲಿ ಗೀಚಿಕೊಂಡೆ. ನನ್ನ ಕನ್ನಡಕದ ಬಲಗಾಜು ನೀರಿನಲ್ಲಿ ಹೋಗಿದೆ, ಎಡಗಣ್ಣೊಂದರಲ್ಲೇ ಓದಬೇಕು. ಕನ್ನಡಕದಂಗಡಿ ಇಟ್ಟವಳ ಅಪ್ಪನ ಗತಿ ಇದು. ಮಗಳು ಏನು ಮಾಡಿಯಾಳು, ಗಾಜು ಉಜ್ಜುವ ಅವಳ ಮೆಷಿನ್ನು ತುಕ್ಕು ಹಿಡಿದು ಕಬ್ಬಿಣದ ಮುದ್ದೆಯಾಗಿ ಕೂತಿದೆ. ಈ ಕೋಣೆಯಲ್ಲೇ ಹದಿನಾರು ಮಂದಿಯ ಕನ್ನಡಕ ಹೊಳೆಗೆ ಹೋಗಿದೆ. ಎಲ್ಲರೂ ಫೋನನ್ನು ಕೈ ನೀಳ ಮಾಡಿ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಾರೆ.

ರೇಡಿಯೋಗೆ ಓದು ಬರಹ ಬರುವುದಿಲ್ಲ. ಪದಗಳನ್ನು ಓದಿ ಹೇಳುವ ಗುಂಡಿಯೊಂದಿದೆ. ಫೋನನ್ನು ಕಿವಿಗಿಟ್ಟುಕೊಂಡು ಎರಡು ಸಲ ಕೇಳಿ, “ಆಯ್ತು” ಎಂದಳು. ಎಲ್ಲಿ ಬರೆದಿಡ್ತೀರಿ ಎಂದು ಮೇಡಂ ಕೇಳಿದರೆ ಹಣೆ ಮುಟ್ಟಿ ತೋರಿಸಿದಳು. ಆ ಬಾಯಿ ಇರುವ ತಲೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು?

೧೭ ಮೇ, ಶುಕ್ರವಾರ
ವಿಷಯ: ೧. ಶುದ್ಧ ಪ್ರತಿ ತಯಾರಿಸಿದ ಬಗ್ಗೆ. ೨. ಅರ್ಜಿ ಸಲ್ಲಿಸಿದ ಬಗ್ಗೆ.

ನಿನ್ನೆಯ ಚೀಟಿ ನೋಡಿ ನನಗೇ ನಾಚಿಕೆಯಾಯಿತು. ವಕ್ರ ಅಕ್ಷರ, ಪದಗಳೋ ದಿಕ್ಕಿಗೊಂದು. ಇದ್ದ ಹಾಗೇ ಬರೆದಿಡಬೇಕಂತೆ! ಇದ್ದದ್ದನ್ನು ಇದ್ದ ಹಾಗೆ ಬಿಡಲು ನಗರಸಭೆ ನನಗೆ ನಲವತ್ತು ವರ್ಷ ಸಂಬಳ ಕೊಡಲಿಲ್ಲ. ಹನ್ನೆರಡನ್ನೂ ಅಕಾರಾದಿಯಾಗಿ ಜೋಡಿಸಿ, ಕ್ರಮಸಂಖ್ಯೆ ಹಾಕಿ, ದಪ್ಪ ಕಾಗದದ ಮೇಲೆ ದುಂಡಗೆ ಬರೆದೆ. ಆಮೆಗೆ ಮೊದಲ ಸ್ಥಾನ ಸಿಕ್ಕಿತು. ಶುದ್ಧ ಪ್ರತಿಯಾದ ಮೇಲೆ ಕರಡನ್ನು ನಾಶಪಡಿಸುವುದು ಪದ್ಧತಿ. ಚೀಟಿಯನ್ನು ಹದಿನಾರು ಚೂರು ಮಾಡಿ ಮೂರು ಬೇರೆ ಬೇರೆ ಕಸದ ಬುಟ್ಟಿಗೆ ಹಾಕಿದೆ. ಶುದ್ಧ ಪ್ರತಿ ಈಗ ನನ್ನ ಬನಿಯನ್ನಿನ ಒಳಜೇಬಿನಲ್ಲಿದೆ. ಇಡೀ ಕೋಣೆಯಲ್ಲಿ ಇಷ್ಟು ಚೊಕ್ಕಟವಾಗಿ ಈ ಕೆಲಸ ಮಾಡಿದವನು ಇನ್ನೊಬ್ಬನಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಓದುವಾಗ, ಬರೆಯುವಾಗ ನನ್ನ ತುಟಿ ಅಲ್ಲಾಡುತ್ತದೆ, ಸ್ವಲ್ಪ ದನಿಯೂ ಹೊರಡುತ್ತದೆ. ರೆಕಾರ್ಡ್ ರೂಮಿನಲ್ಲಿ ಒಬ್ಬನೇ ಇದ್ದು ಇದ್ದು ಅಂಟಿದ ಚಾಳಿ. “ನಿಮ್ಮ ಗುಟ್ಟು ಕೇಳೋಕೆ ಗೋಡೆಗೆ ಕಿವಿ ಬೇಕಿಲ್ಲ ಬಿಡಿ” ಎಂದು ಹೆಂಡತಿ ಇದ್ದಾಗ ನಗುತ್ತಿದ್ದಳು. ಆದ್ದರಿಂದ ಮುನ್ನೆಚ್ಚರಿಕೆಯಾಗಿ ಮೇಡಂಗೆ ಅರ್ಜಿ ಬರೆದು ಕೊಟ್ಟೆ: ಗೌಪ್ಯತೆಯ ಹಿತದೃಷ್ಟಿಯಿಂದ ಸದರಿ ಮಹಿಳೆಯ ಹಾಸಿಗೆಯನ್ನು ಕೋಣೆಯ ಇನ್ನೊಂದು ತುದಿಗೆ ಸ್ಥಳಾಂತರಿಸುವುದು. ಮೇಡಂ ಓದಿ ನಕ್ಕು ಜೇಬಿಗಿಟ್ಟುಕೊಂಡರು. ಸ್ವೀಕೃತಿ ಕೊಡಲಿಲ್ಲ.

೨೧ ಮೇ, ಮಂಗಳವಾರ
ವಿಷಯ: ಮೆಷಿನ್ನು ಸಿಕ್ಕ ಬಗ್ಗೆ.

ಮೊದಲ ಕಂತಿನಲ್ಲಿ ಸಾಬೂನು, ಬಕೆಟ್ಟು, ಮಗಳಿಗೆ ಚಪ್ಪಲಿ ತಂದೆ. ಅಂಗಡಿಯವನು ಚೌಕದ ಚಿತ್ರವೊಂದನ್ನು ಮುಂದೆ ಹಿಡಿದ, ನನ್ನ ಫೋನು ಟಿಣ್ ಎಂದಿತು, “ಬಂತು ಸ್ವಾಮಿ” ಎಂದ. ಅಷ್ಟೇ. ರಸೀದಿ ಕೇಳಿದ್ದಕ್ಕೆ ನನ್ನ ಮುಖವನ್ನೇ ನೋಡಿದ.

ಮಗಳು ಇವತ್ತು ಓಡಿಕೊಂಡು ಮಹಡಿ ಹತ್ತಿ ಬಂದಳು. ಪಕ್ಕದೂರಿನಲ್ಲಿ ಅವಳ ಕಸುಬಿನವರೇ ಒಬ್ಬರು ಅಂಗಡಿ ಮುಚ್ಚುತ್ತಿದ್ದಾರಂತೆ. ಮೇಡಂ ಕೊಟ್ಟ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಗಾಜು ಉಜ್ಜುವ ಮೆಷಿನ್ನು, ನಂಬರು ನೋಡುವ ಪೆಟ್ಟಿಗೆ ಎಲ್ಲ ಒಟ್ಟಿಗೆ ಕೊಡುತ್ತಾರೆ.

“ಎರಡನೇ ಕಂತು ಸರಿಯಾಗಿ ಸಾಕಾಗುತ್ತೆ ಅಪ್ಪಾ. ಜೂನ್ ಒಂದರ ತನಕ ನನಗೋಸ್ಕರ ಇಟ್ಟಿರ್ತಾರಂತೆ. ಆಮೇಲೆ ಬೇರೆಯವರಿಗೆ ಕೊಡ್ತಾರೆ. ಹೊಸದು ತಗೊಳ್ಳೋಕೆ ನಮ್ಮ ಕೈಲಿ ಈ ಜನ್ಮದಲ್ಲಿ ಆಗಲ್ಲ.”

ಹೊಳೆ ನುಗ್ಗಿದಂದಿನಿಂದ ಅವಳು ನಕ್ಕಿರಲಿಲ್ಲ. ಕೆಸರಿನಿಂದ ಆಯ್ದು ತಂದ ಫ್ರೇಮುಗಳನ್ನು ಒಂದೊಂದೇ ಒರೆಸಿ ಜೋಡಿಸುವುದೇ ಅವಳಿಗೆ ಕೆಲಸವಾಗಿತ್ತು. ಇವತ್ತು ಒರೆಸುತ್ತಾ ಏನೋ ಗುನುಗುತ್ತಿದ್ದಳು. ಪರದೆಯಾಚೆಯಿಂದ ರೇಡಿಯೋ, “ಮೆಷಿನ್ನು ಬಂದ್ರೆ ನಂಗೂ ಒಂದು ಮಾಡ್ಕೊಡವ್ವ, ಸೂಜಿ ಕಣ್ಣು ಕಾಣ್ತಿಲ್ಲ” ಎಂದಳು. ಕೇಳಿಸಿಕೊಂಡಿದ್ದಾಳೆ, ನೋಡಿ!

೨೩ ಮೇ, ಗುರುವಾರ
ವಿಷಯ: ಫೋನು ತೊಟ್ಟಿಗೆ ಬಿದ್ದ ಬಗ್ಗೆ.

ಬೆಳಿಗ್ಗೆ ಎರಡನೇ ಕಂತು ಬಂತು. ಹತ್ತು ಗಂಟೆಗೆ ಛಾವಣಿಗೆ ಹೋಗಿ, ನೀರಿನ ಮಟ್ಟ ನೋಡಲು ತೊಟ್ಟಿಯೊಳಗೆ ಬಗ್ಗಿದೆ. ಅಂಗಿಯ ಜೇಬಿನಿಂದ ಫೋನು ಜಾರಿತು. ಬುಳಕ್ ಎಂಬ ಸದ್ದನ್ನೂ ಕೇಳಿದೆ. ಕೊಕ್ಕೆ ಹಾಕಿ ಎತ್ತುವಷ್ಟರಲ್ಲಿ ಅದರ ಕಥೆ ಮುಗಿದಿತ್ತು. ನೀರಿನ ಮಟ್ಟ: ಮುಕ್ಕಾಲು.

ಮಗಳ ಮುಖ ಬಿಳಚಿಕೊಂಡಿತು. ನಾನು ಒಳಜೇಬು ತಟ್ಟಿ, “ಶುದ್ಧ ಪ್ರತಿ ಇದೆ, ನಿಶ್ಚಿಂತೆಯಿಂದಿರು” ಎಂದೆ. ಇಂಥ ಹೊತ್ತಿಗೇ ಅಲ್ಲವೆ ದಾಖಲೆ ಬೇಕಾಗುವುದು. ನಾಳೆ ಮೇಡಂ ಬಂದು ಮಗಳ ಫೋನಿನಲ್ಲಿ ಪೆಟ್ಟಿಗೆ ತೆರೆಸುತ್ತಾರೆ.

೨೪ ಮೇ, ಶುಕ್ರವಾರ

‘ಪದಗಳು ಸರಿಯಿಲ್ಲ’ ಎಂದು ಬರುತ್ತಿದೆ. ನಾಲ್ಕು ಸಲ ಹಾಕಿದೆವು. ಒಂದಕ್ಷರವೂ ತಪ್ಪಿಲ್ಲ.

ಮೇಡಂ ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ, ದೂರದಿಂದಲೇ ಕೇಳಿದರು: “ಸರ್, ಬಂದ ಕ್ರಮದಲ್ಲೇ ಬರ್ಕೊಂಡಿದ್ದೀರಿ ತಾನೆ?”

೨೫ ಮೇ, ಶನಿವಾರ

ನಿನ್ನೆ ಮುಂದಕ್ಕೆ ಬರೆಯಲು ಕೈ ಬರಲಿಲ್ಲ.

ಕ್ರಮವೇ ಬೀಗದ ಕೈಯಂತೆ. ಪದಗಳು ಸರಿಯಿದ್ದರೆ ಸಾಲದು, ಒಂದರ ಹಿಂದೆ ಒಂದು ಬಂದ ಹಾಗೇ ಇರಬೇಕು. ಹನ್ನೆರಡು ಪದಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು ಎಂದು ಹಲಗೆಯ ಮೂಲೆಯಲ್ಲಿ ಲೆಕ್ಕ ಹಾಕಿದೆ. ನಲವತ್ತೇಳು ಕೋಟಿ ತೊಂಬತ್ತು ಲಕ್ಷದ ಒಂದು ಸಾವಿರದ ಆರುನೂರು. ಮತ್ತೆ ಹಾಕಿ ನೋಡಿದೆ. ಅಷ್ಟೇ.

ಸಂಸ್ಥೆಯವರು ಇನ್ನೊಮ್ಮೆ ಕೊಡುವಂತಿಲ್ಲ. ನಮ್ಮ ಪಾಲು ನಮಗೆ ಸೇರಿಯಾಗಿದೆ, ಅದು ಎಲ್ಲರಿಗೂ ಕಾಣುತ್ತದೆ. ಮುಟ್ಟಲು ಮಾತ್ರ ಯಾರಿಗೂ ಆಗದು. ಕಂಪ್ಯೂಟರಿನವರು ದೊಡ್ಡ ಯಂತ್ರದಲ್ಲಿ ಹುಡುಕಬಹುದಂತೆ, ಆದರೆ ಪದ ಕಳೆದುಕೊಂಡವರ ಸಾಲು ಉದ್ದವಿದೆ, ನಮ್ಮ ಸರದಿ ಬರಲು ತಿಂಗಳುಗಳಾಗುತ್ತವೆ. ಮೆಷಿನ್ನು ಕಾಯುವುದು ಇನ್ನು ಏಳು ದಿನ.

ಮಗಳಿಗೆ ಎಲ್ಲ ಹೇಳಿದೆ. “ಅಂದವಾಗಿ ಕಾಣ್ಲಿ ಅಂತ ಅಕಾರಾದಿ ಮಾಡಿದೆ. ಕರಡು ಹರಿದು ಹಾಕಿದೆ” ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಕೈಲಿದ್ದ ಫ್ರೇಮನ್ನು ಒರೆಸುತ್ತಲೇ ಇದ್ದಳು, ಒರೆಸಿಯಾಗಿದ್ದನ್ನೇ ಮತ್ತೆ ಒರೆಸಿದಳು. ಬಯ್ದಿದ್ದರೆ ಒಳ್ಳೆಯದಿತ್ತು.

೨೭ ಮೇ, ಸೋಮವಾರ
ವಿಷಯ: ಪ್ರಯತ್ನಗಳ ಬಗ್ಗೆ.

ಮಧ್ಯಾಹ್ನ ಎಲ್ಲರೂ ಮನೆ ತೊಳೆಯಲು ಊರೊಳಗೆ ಹೋದಾಗ ಕೂತು, ನೆನಪಿಗೆ ಬಂದ ಬಂದ ಹಾಗೆ ಜೋಡಿಸಿ ಮಗಳ ಫೋನಿನಲ್ಲಿ ಹಾಕುತ್ತೇನೆ. ಎರಡು ದಿನದಲ್ಲಿ ನೂರ ಹದಿನೆಂಟು ಪ್ರಯತ್ನ, ಒಂದೊಂದನ್ನೂ ಪದದ ಬದಲು ಕ್ರಮಸಂಖ್ಯೆ ಹಾಕಿ ಕೊನೆಯ ಪುಟಗಳಲ್ಲಿ ನಮೂದಿಸಿದ್ದೇನೆ. ಒಮ್ಮೆ ತೆರೆದೇಬಿಟ್ಟಿತು! ಇಬ್ಬರೂ ಎದ್ದು ನಿಂತೆವು. ಒಳಗೆ ಸೊನ್ನೆ. ಅದು ಬೇರೆಯದೇ ಪೆಟ್ಟಿಗೆಯಂತೆ, ಯಾರದೂ ಅಲ್ಲದ್ದು. ಮಗಳು ಮೊದಲು ಕಣ್ಣು ಒರೆಸಿಕೊಂಡಳು, ಆಮೇಲೆ ನಕ್ಕಳು. ನಾನೂ ನಕ್ಕೆ. ಏನೇ ಹೇಳಿ, ಜೊತೆಗೆ ಕೂತು ಸೋಲುವುದರಲ್ಲೂ ಒಂದು ಹಿತವಿದೆ. ಅವಳು ಚಿಕ್ಕವಳಿದ್ದಾಗ ನಾನು ಹೀಗೆ ಅವಳ ಪಕ್ಕ ಕೂತು ಪಾಠ ಹೇಳಿಕೊಟ್ಟದ್ದು ನೆನಪಿಲ್ಲ. ಕಚೇರಿ, ಕಚೇರಿ.

ಇದರ ಮಧ್ಯೆ ರೇಡಿಯೋದ ಕೆಮ್ಮು. ಅವಳು ಊರೊಳಗೆ ಹೋಗುವುದಿಲ್ಲ, ತೊಳೆಯಲು ಮನೆಯೇ ಉಳಿದಿಲ್ಲವಂತೆ. ನಾನು ‘ಆಮೆ’ ಎಂದು ಶುರು ಮಾಡುವುದೇ ತಡ, ಆಚೆಯಿಂದ ಖೊಕ್ ಖೊಕ್. ‘ದೀಪ’ ಎಂದು ಶುರು ಮಾಡಿದರೂ ಖೊಕ್ ಖೊಕ್. ಗಮನ ಕೆಡುತ್ತದೆ. ಇನ್ನೊಂದು ಅರ್ಜಿ ಬರೆಯಬೇಕು, ಆದರೆ ಹೊತ್ತಿಲ್ಲ.

೨೯ ಮೇ, ಬುಧವಾರ

ಇನ್ನೂರ ಅರವತ್ತು ದಾಟಿತು. ಇವತ್ತು ‘ಮೆಟ್ಟಿಲು’ ಎಂದು ಶುರು ಮಾಡಿ ನೋಡಿದೆ. ಕೆಮ್ಮು ಬರಲಿಲ್ಲ. ಕಷಾಯ ಕುಡಿದಿರಬೇಕು. ಆದರೆ ಎರಡನೆಯ ಪದಕ್ಕೆ ಮತ್ತೆ ಹಿಡಿದುಕೊಂಡಿತು, ಪಾಪ. ವಯಸ್ಸಾದವಳು, ರಾತ್ರಿ ನೆಲದ ಮೇಲೆ ಮಲಗುತ್ತಾಳೆ. ನಮ್ಮಲ್ಲಿದ್ದ ಹೆಚ್ಚಿನ ಹೊದಿಕೆಯನ್ನು ಮಗಳ ಕೈಲಿ ಕಳಿಸಿದೆ. ಕೆಮ್ಮು ನಿಂತರೆ ನನಗೇ ಒಳ್ಳೆಯದು.

ಮೆಷಿನ್ನಿನವರಿಗೆ ಮಗಳು ಫೋನು ಮಾಡಿ, “ಇನ್ನೊಂದು ವಾರ ಇಟ್ಕೊಳ್ಳೋಕೆ ಆಗುತ್ತಾ?” ಎಂದು ಕೇಳಿದಳು. ಆಗುವುದಿಲ್ಲವಂತೆ, ಅಂಗಡಿ ಖಾಲಿ ಮಾಡಿಕೊಡಬೇಕಂತೆ. ಫೋನಿಟ್ಟು, “ಬಿಡು ಅಪ್ಪಾ, ಯಾರದಾದ್ರೂ ಅಂಗಡೀಲಿ ಕೆಲಸಕ್ಕೆ ಸೇರ್ಕೊಳ್ತೀನಿ” ಎಂದಳು. ಹನ್ನೊಂದು ವರ್ಷ ತನ್ನ ಅಂಗಡಿಯ ಬಾಗಿಲನ್ನು ತಾನೇ ತೆರೆದವಳು.

೩೦ ಮೇ, ಗುರುವಾರ

ಆದದ್ದನ್ನು ಆದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ಮಧ್ಯಾಹ್ನ ಎಂದಿನಂತೆ ಕೂತಿದ್ದೆವು. ನಾನು ಓದುತ್ತಿದ್ದೆ, ಮಗಳು ಒತ್ತುತ್ತಿದ್ದಳು. ಇದ್ದಕ್ಕಿದ್ದಂತೆ ಅವಳು ಫೋನನ್ನು ಮಡಿಲಿಗಿಟ್ಟುಕೊಂಡು ದನಿ ತಗ್ಗಿಸಿದಳು.

“ಅಪ್ಪಾ, ಪಕ್ಕದವರು ಯಾವಾಗ ಕೆಮ್ತಾರೆ ಅಂತ ನೋಡಿದ್ಯಾ?”

“ಯಾವಾಗಲೂ.”

“ಯಾವಾಗಲೂ ಅಲ್ಲ. ಬೆಳಿಗ್ಗೆಯಿಂದ ಅಷ್ಟು ಮಾತಾಡಿದ್ರು, ಒಂದು ಸಲಾನೂ ಕೆಮ್ಮಿಲ್ಲ. ನೀನು ಪದ ಓದುವಾಗ ಮಾತ್ರ ಕೆಮ್ತಾರೆ. ನಿನ್ನೆ ‘ಮೆಟ್ಟಿಲು’ ಅಂದೆ, ಸುಮ್ಮನಿದ್ರು. ಅದರ ಮುಂದಿನದಕ್ಕೆ ಕೆಮ್ಮಿದ್ರು. ಹೋಗಿ ಕೇಳು.”

“ನಾನಾ?”

“ಮತ್ತೆ ನಾನಾ? ಅವರ ಮೇಲೆ ಅರ್ಜಿ ಬರೆದೋನು ನೀನು.”

ಎದ್ದೆ. ಪರದೆಯ ಮುಂದೆ ನಿಂತೆ. ಬಟ್ಟೆಯ ಗೋಡೆಯನ್ನು ತಟ್ಟುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ನಾನೇ ಒಂದು ಸಲ ಕೆಮ್ಮಿದೆ.

“ಬನ್ನಿ ಗುಮಾಸ್ತರೇ” ಎಂದಿತು ಒಳಗಿನ ದನಿ. “ನಾಕು ದಿನದಿಂದ ಕೆಮ್ಮಿ ಕೆಮ್ಮಿ ಗಂಟಲು ಹರಿದುಹೋಯ್ತು.”

ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದರು. ಸುತ್ತ ಪೊರಕೆ ಕಡ್ಡಿಗಳು. ನಾನು ಕಳಿಸಿದ ಹೊದಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟಿದ್ದರು.

“ನಿಮಗೆ ಗೊತ್ತಿತ್ತಾ?” ಎಂದೆ.

“ಅವತ್ತು ಬರೀತಾ ಬರೀತಾ ಹೇಳ್ಕೊಂಡ್ರಲ್ಲ. ಮೊದಲು ಒಂದು ಸಲ ಚೀಟಿ ನೋಡಿ ಸರಿಯಾಗಿ ಹೇಳಿದ್ರಿ. ಆಮೇಲೆ ಏನೇನೋ ಹಿಂದು ಮುಂದು ಮಾಡಿದ್ರಿ. ದೊಡ್ಡ ಓದಿದೋರು, ಹಾಗೂ ಒಂದು ಲೆಕ್ಕ ಇರಬೇಕು ಅಂತ ಸುಮ್ಮನಾದೆ.”

“ಒಂದೇ ಸಲ ಕೇಳಿ ನೆನಪಿದೆಯಾ?”

“ಬರೆಯೋಕೆ ಬರದೋರು ಇನ್ನೇನು ಮಾಡ್ಬೇಕು?”

“ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?”

ಅವರು ಕೈಯಲ್ಲಿದ್ದ ಕಡ್ಡಿಯನ್ನು ಒಮ್ಮೆ ತಿರುಗಿಸಿ ಕೆಳಗಿಟ್ಟರು.

“ಯಾರಿಗೂ ಹೇಳ್ಬಾರದು ಅಂತ ಮೇಡಂ ಹೇಳಿದ್ರಲ್ಲ. ನಿಮ್ಮ ಪದ ನಿಮಗೇ ಹೇಳ್ಬಹುದಾ, ಅದನ್ನ ಅವರು ಹೇಳಿರ್ಲಿಲ್ಲ. ಅದಕ್ಕೆ ನೀವು ತಪ್ಪಿದಾಗೆಲ್ಲ ಕೆಮ್ಮಿದೆ. ಕೆಮ್ಮೋದು ಹೇಳಿದ ಹಾಗಲ್ಲವಲ್ಲ. ಅಲ್ಲದೆ, ನಾನಾಗಿ ಬಂದು ಹೇಳಿದ್ರೆ ಕದ್ದು ಕೇಳಿದ್ಲು ಅಂತ ಇನ್ನೊಂದು ಅರ್ಜಿ ಬರೀತಿದ್ರಿ.”

“ಅರ್ಜಿ ವಿಷಯ ನಿಮಗೆ ಯಾರು ಹೇಳಿದ್ರು?”

“ನೀವೇ! ಅದನ್ನೂ ಬರೀತಾ ಹೇಳ್ಕೊಂಡ್ರಿ. ಹೇಳ್ಲಾ? ‘ಮಾನ್ಯರೇ, ಸದರಿ ಮಹಿಳೆಯು ಅತಿಯಾಗಿ ಮಾತನಾಡುವ ಸ್ವಭಾವದವರಾಗಿದ್ದು, ಅವರಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲವಾದ ಕಾರಣ...’”

ಕೊನೆಯ ‘ತಮ್ಮ ವಿಧೇಯ’ದವರೆಗೆ ಒಂದು ಪದ ಬಿಡದೆ ಒಪ್ಪಿಸಿದರು. ಭೂಮಿ ಬಾಯಿ ಬಿಡಬಾರದೆ ಎನಿಸಿತು. ಮಗಳು ಪರದೆಯ ಅಂಚು ಹಿಡಿದು ನಿಂತು ನಗು ತಡೆಯಲಾಗದೆ ಒದ್ದಾಡುತ್ತಿದ್ದಳು.

“ತಪ್ಪಾಯ್ತು” ಎಂದೆ. ಕಚೇರಿಯಲ್ಲಿ ನಲವತ್ತು ವರ್ಷ ‘ಕಣ್ತಪ್ಪಿನಿಂದಾದ ಲೋಪ’ ಎಂದು ಬರೆದಿದ್ದೇನೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದ ನೆನಪಿಲ್ಲ.

“ಆಯ್ತು ಬಿಡಿ. ಕೂತ್ಕೊಳ್ಳಿ. ನಾನು ಕಥೆ ಕಟ್ಟಿ ಇಟ್ಕೊಂಡಿದ್ದೀನಿ, ಹಾಗೇ ಹೇಳ್ತೀನಿ. ಅವ್ವಾ, ನೀನು ಒತ್ತು.”

ಕಥೆ ಮೆಟ್ಟಿಲಿನಿಂದ ಶುರುವಾಯಿತು. ಆಮೆ ಬರುವುದು ಐದನೆಯದಾಗಿ. ಅದು ಎಲ್ಲಿಗೆ ಹೋಯಿತು, ದಾರಿಯಲ್ಲಿ ಯಾರು ಸಿಕ್ಕರು, ಕೊನೆಗೆ ಯಾರ ಮನೆಯಲ್ಲಿ ದೀಪ ಹಚ್ಚಿದರು ಎಂದು ಇಲ್ಲಿ ಬರೆಯುವಂತಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ, ನನ್ನ ಅಕಾರಾದಿಗಿಂತ ಆ ಕಥೆ ಎಷ್ಟೋ ಚೆನ್ನಾಗಿತ್ತು.

ಹನ್ನೆರಡನೆಯ ಪದ ಒತ್ತಿದ ಮೇಲೆ ಫೋನು ಒಂದು ಕ್ಷಣ ತಿರುಗಿತು. ಪೆಟ್ಟಿಗೆ ತೆರೆಯಿತು. ಬಂದ ಕಂತು ಬಂದ ಹಾಗೇ ಇತ್ತು, ಒಂದು ಕಾಸೂ ಅಲ್ಲಾಡಿರಲಿಲ್ಲ.

ಅತ್ತುಬಿಟ್ಟೆ. ದಾಖಲೆಗಾಗಿ ಬರೆಯುತ್ತಿದ್ದೇನೆ.

ಸಾವರಿಸಿಕೊಂಡ ಮೇಲೆ ಕೇಳಿದೆ: “ಅಷ್ಟೂ ಹಣ ಒಂದು ವಾರ ನಿಮ್ಮ ನಾಲಿಗೆ ತುದೀಲಿತ್ತು. ತಗೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಗೊತ್ತಾಗ್ತಿರ್ಲಿಲ್ಲ, ನಿಜ” ಎಂದರು. “ಆದ್ರೆ ಈ ಹುಡುಗಿ ಗುನುಗೋದು ನಿಲ್ಲಿಸಿಬಿಡ್ತಿದ್ದಳಲ್ಲ. ಮೊನ್ನೆಯಿಂದ ನಿಲ್ಲಿಸಿದ್ದಾಳೆ, ನನಗೆ ಹೊತ್ತೇ ಹೋಗ್ತಿಲ್ಲ.”

೧ ಜೂನ್, ಶನಿವಾರ

ಮೆಷಿನ್ನು ಬಂತು! ಗಾಡಿಯಿಂದ ಇಳಿಸಲು ಇಡೀ ಕೋಣೆಯವರು ಕೈ ಹಾಕಿದರು. ಅಂಗಡಿ ಸರಿಯಾಗುವತನಕ ಕೆಳಗಿನ ವರಾಂಡದಲ್ಲೇ ಇಟ್ಟುಕೊಳ್ಳಲು ಶಾಲೆಯವರು ಒಪ್ಪಿದ್ದಾರೆ. ಮಗಳು ಮೊದಲ ಗಾಜನ್ನು ಉಜ್ಜಿದಾಗ ಬಂದ ಆ ಕಿರ್ರೋ ಸದ್ದು ಹನ್ನೊಂದು ವರ್ಷ ನನ್ನ ತಲೆ ತಿಂದದ್ದು. ಇವತ್ತು ಗೋಡೆಗೊರಗಿ ಕೇಳುತ್ತಾ ನಿಂತೆ.

ಕನ್ನಡಕ ಬೇಕಾದವರ ಸರದಿ ಪಟ್ಟಿ ಮಾಡಿಕೊಟ್ಟೆ. ಮೊದಲಿಗೆ ಪಕ್ಕದವರು. ನಾನು ಹದಿನೇಳನೆಯವನು. “ನಿನ್ನದು ಒಂದೇ ಗಾಜು ಅಪ್ಪಾ, ಐದು ನಿಮಿಷದ ಕೆಲಸ, ಈಗಲೇ ಹಾಕ್ಕೊಡ್ತೀನಿ” ಎಂದಳು ಮಗಳು. ಒಂದು ಕಣ್ಣು ಚೆನ್ನಾಗಿಯೇ ಇದೆಯಲ್ಲ, ಅವಸರವೇನು?

೫ ಜೂನ್, ಬುಧವಾರ

ಪಕ್ಕದವರಿಗೆ ಕನ್ನಡಕ ಬಂತು. ಹಾಕಿಕೊಂಡು ಸೂಜಿ ನೋಡಿದರು, ಕಿಟಕಿಯಾಚೆ ನೋಡಿದರು, ಕೊನೆಗೆ ನನ್ನ ಕಡೆ ತಿರುಗಿ, “ಅಯ್ಯೋ ಗುಮಾಸ್ತರೇ, ನಿಮಗೆ ಇಷ್ಟು ವಯಸ್ಸಾಗಿದೆಯಾ!” ಎಂದರು. ವರಾಂಡಕ್ಕೆ ವರಾಂಡವೇ ನಕ್ಕಿತು. ನಾನೂ.

೯ ಜೂನ್, ಭಾನುವಾರ

ಇವತ್ತು ನನ್ನ ಬಲಗಾಜು ಸಿಕ್ಕಿತು. ಅಕ್ಷರಗಳೆಲ್ಲ ಸ್ನಾನ ಮಾಡಿ ಬಂದ ಹಾಗೆ ಕಾಣುತ್ತಿವೆ.

ಗಾಳಿ ಬರಲಿ ಎಂದು ಹಗಲು ಹೊತ್ತು ನಡುವಿನ ಪರದೆ ಸರಿಸಿಡುತ್ತೇವೆ. ಪಕ್ಕದವರು ತಮ್ಮ ಪಾಲಿನ ಕಂತಿನಲ್ಲಿ ಕಡ್ಡಿ, ದಾರ ತರಿಸಿ ಪೊರಕೆ ಕಟ್ಟಲು ಶುರು ಮಾಡಿದ್ದಾರೆ. ಕೈ ಖಾಲಿ ಇತ್ತೆಂದು ಕಡ್ಡಿಗಳನ್ನು ಉದ್ದದ ಪ್ರಕಾರ ಬೇರೆ ಬೇರೆ ಜೋಡಿಸಿಕೊಡಲು ಹೋದೆ. “ಅಯ್ಯೋ, ಮುಟ್ಬೇಡಿ! ಉದ್ದ ಗಿಡ್ಡ ಎರಡೂ ಇದ್ರೇನೇ ಮೂಲೆ ಕಸ ಬರೋದು” ಎಂದರು. ಬೆರೆಸಿಯೇ ಕೊಟ್ಟೆ. ಹಲಗೆಯ ಮೇಲೆ ಮಕ್ಕಳು ಯಾರೋ ಲೆಕ್ಕವೊಂದನ್ನು ಅರ್ಧ ಮಾಡಿ ಹೋಗಿದ್ದಾರೆ. ನಾಳೆ ಅವರೇ ಬಂದು ಬಿಡಿಸಲಿ.

ಮಧ್ಯಾಹ್ನ ಮೇಡಂ ಬಂದಿದ್ದರು. “ಸರ್, ನಿಮ್ಮ ಪದ ಈಗ ಇನ್ನೊಬ್ಬರಿಗೆ ಗೊತ್ತಾಗಿದೆ. ನಿಯಮದ ಪ್ರಕಾರ ಹಳೇ ಪೆಟ್ಟಿಗೆ ಬಿಟ್ಟು ಹೊಸದು ಮಾಡ್ಬೇಕು. ಹೊಸ ಹನ್ನೆರಡು ಪದ ಕೊಡ್ತೀನಿ” ಎಂದರು.

“ಬೇಡ ಮೇಡಂ” ಎಂದೆ. “ನನ್ನ ಹತ್ರ ಇರೋದು ನಕಲು. ಮೂಲ ಪ್ರತಿ ಎಲ್ಲಿರಬೇಕೋ ಅಲ್ಲೇ ಇದೆ.”

ಮೇಡಂ ನನ್ನ ಮುಖ ನೋಡಿದರು, ಪಕ್ಕದವರ ಮುಖ ನೋಡಿದರು. ಆಮೇಲೆ ಜೇಬಿನಿಂದ ಒಂದು ಮಡಿಸಿದ ಕಾಗದ ತೆಗೆದು ನನ್ನ ಕೈಗಿತ್ತು, “ಇದನ್ನೇನು ಮಾಡ್ಲಿ ಸರ್?” ಎಂದರು. ನನ್ನ ಅರ್ಜಿ. ಹರಿದು ಹಾಕಿದೆ. ಈ ಸಲ ಚೂರುಗಳನ್ನು ಎಣಿಸಲಿಲ್ಲ.

ಮೇಡಂ ಹೋದ ಮೇಲೆ ಪಕ್ಕದವರು ಪೊರಕೆ ಕೆಳಗಿಟ್ಟರು. “ನನಗೆ ಹಿಂದೆ ಮುಂದೆ ಯಾರೂ ಇಲ್ಲ ಗುಮಾಸ್ತರೇ. ನಾಳೆ ನನ್ನ ತಲೆ ಕೆಟ್ಟರೆ ನನ್ನ ಪದ ಯಾರ ಹತ್ರ ಇರುತ್ತೆ? ನೀವು ಇಟ್ಕೊಳ್ಳಿ.”

ಪೆನ್ನಿನ ಮುಚ್ಚಳ ತೆಗೆದೆ.

“ಬರೀಬೇಡಿ” ಎಂದರು. “ಬರೆದ್ರೆ ಮತ್ತೆ ಸರಿ ಮಾಡ್ಬಿಡ್ತೀರಿ.”

ಹಾಗಾಗಿ ಕಿವಿಯಲ್ಲೇ ಕೇಳಿದೆ. ನಾಲ್ಕನೆಯ ಪದಕ್ಕೆ ತಪ್ಪಿದೆ, ಅವರು ಕೆಮ್ಮಿದರು. ಎರಡನೆಯ ಸಲ ಏಳನೆಯದರಲ್ಲಿ ಕೆಮ್ಮಿದರು. ಮೂರನೆಯ ಸಲ ಹನ್ನೊಂದರ ತನಕ ಬಂದು ಎಡವಿದೆ. ಮಗಳು ಮೆಷಿನ್ನು ನಿಲ್ಲಿಸಿ ಮೇಲೆ ಬಂದು ಬಾಗಿಲಲ್ಲಿ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಮೊದಲಿನಿಂದ ಕೊನೆಯವರೆಗೆ ಹನ್ನೆರಡನ್ನೂ ಹೇಳಿದೆ. ಒಂದು ಕೆಮ್ಮೂ ಬರಲಿಲ್ಲ.

ಅವನ್ನು ಇಲ್ಲಿ ಬರೆದಿಲ್ಲ.